ಒಟ್ಟು ಒಂದಡಿ

ಸೂರ್ಯನ ಮೇಲೆ ದಂಡೆತ್ತಿ ಹೋದವರು ನಮ್ಮ ಸೀಮೆಯಲ್ಲಿ ಬಹಳ ಮಂದಿ ಇಲ್ಲ. ರೈತರು ಅವನನ್ನು ಬೈಯುತ್ತಾರೆ, ಮುದುಕರು ಬೆಳಿಗ್ಗೆ ಎದ್ದು ಕೈ ಮುಗಿಯುತ್ತಾರೆ, ಮಿಕ್ಕವರು ತಲೆಯ ಮೇಲೊಂದು ಟವೆಲ್ ಹಾಕಿಕೊಂಡು ಸುಮ್ಮನಾಗುತ್ತಾರೆ. ಅವನನ್ನು ಮನೆಯ ಹೊರಗೇ ತಡೆದು ನಿಲ್ಲಿಸಿ, ಒಳಗೆ ಎಷ್ಟು ಬರಬೇಕೆಂಬುದನ್ನು ನಾನು ಹೇಳುತ್ತೇನೆ ಎಂದು ಹೊರಟವನು ಸವಣೂರಿನ ಎಣ್ಣೆ ಗಿರಣಿಯ ಫಿಟ್ಟರ್ ಗುತ್ತೆಪ್ಪ ಒಬ್ಬನೇ. ಯುದ್ಧ ನಡೆದದ್ದು ಸಾವಿರದ ಒಂಬೈನೂರಾ ಐವತ್ತೆಂಟು, ಐವತ್ತೊಂಬತ್ತರ ಬೇಸಿಗೆಗಳಲ್ಲಿ. ಸೂರ್ಯನ ಕಡೆ ಎಷ್ಟು ಸೈನ್ಯವಿತ್ತೋ ಗೊತ್ತಿಲ್ಲ. ಗುತ್ತೆಪ್ಪನ ಕಡೆ ಒಂದು ಇದ್ದಲಿಯ ತುಂಡು, ಒಂದು ಸೂತ್ರ, ಮತ್ತು ಶಿಗ್ಗಾವಿಯ ಗೌಂಡಿ ಹಸನಸಾಬ ಇದ್ದರು.

ಗುತ್ತೆಪ್ಪ ಉದ್ದಕ್ಕೆ, ತೆಳ್ಳಗೆ, ಸದಾ ಒಂದು ಕಾಲು ಮುಂದಿಟ್ಟು ನಿಂತ ಮನುಷ್ಯ. ಬಾಲ ಸುಟ್ಟ ಬೆಕ್ಕಿಗಾದರೂ ಒಂದು ಗಳಿಗೆ ನೆರಳು ಕಂಡರೆ ಕೂರಬೇಕೆನ್ನಿಸೀತು. ಇವನಿಗೆ ಅದೂ ಇಲ್ಲ. ಊಟಕ್ಕೆ ಕೂತರೆ ಎರಡನೆಯ ರೊಟ್ಟಿ ಬರುವುದರೊಳಗೆ ಎದ್ದು ಗೋಡೆ ನೋಡಿ ಬರುತ್ತಿದ್ದ. ಮಂದಿಯ ಮನೆಗೆ ಹೋದರೆ ನಮಸ್ಕಾರಕ್ಕೂ ಮೊದಲು ಗೋಡೆಗೆ ಅಂಗೈ ಹಚ್ಚಿ, ಕಣ್ಣು ಮುಚ್ಚಿ, ನಾಡಿ ನೋಡುವ ವೈದ್ಯರ ಹಾಗೆ ತಲೆ ಅಲ್ಲಾಡಿಸುತ್ತಿದ್ದ. ಆಮೇಲೆ ಕಿವಿಯ ಸಂದಿಯಲ್ಲಿದ್ದ ಇದ್ದಲಿ ತೆಗೆದು ಅಲ್ಲೇ ಲೆಕ್ಕ ಬರೆಯುತ್ತಿದ್ದ. ಸುಣ್ಣ ಬಳಿದ ಗೋಡೆಯವರು ಅವನು ಓಣಿಗೆ ಬಂದನೆಂದರೆ ಬಾಗಿಲಲ್ಲೇ ಕುರ್ಚಿ ಹಾಕಿ ಕೂರಿಸಿಬಿಡುತ್ತಿದ್ದರು. ಅವನು ಕುರ್ಚಿಗೂ ಅಂಗೈ ಹಚ್ಚುತ್ತಿದ್ದ.

ಅವನು ಹುಟ್ಟಿದ್ದು ಹಿರೇಕೆರೂರು ತಾಲ್ಲೂಕಿನ ಮೂಡಣ ಅಂಚಿನ ಹಳ್ಳಿಯಲ್ಲಿ, ಹೊನ್ನಾಳಿ ಸೀಮೆಗೆ ಕೂಗಳತೆಯಲ್ಲಿ. ಆ ಅಂಚಿನಲ್ಲಿ ಹ-ಕಾರ ಎಂಬ ಅಕ್ಷರ ಬಾಯಿಂದ ಹೊರಗೆ ಬರುವ ಮೊದಲೇ ಹಲ್ಲಿಗೆ ತಾಗಿ ಉದುರಿಹೋಗುತ್ತದೆ. ಗುತ್ತೆಪ್ಪನ ಬಾಯಲ್ಲಿ ಹಾವು ಆವಾಗುತ್ತಿತ್ತು, ಹಾಲು ಆಲಾಗುತ್ತಿತ್ತು, ಅವನ ತಾಲ್ಲೂಕು ಇರೇಕೆರೂರಾಗುತ್ತಿತ್ತು. ಹಾನಗಲ್ ತಾಲ್ಲೂಕಿನ ಅಕ್ಕಿಆಲೂರಿಗೆ ಹೆಣ್ಣು ನೋಡಲು ಹೋದಾಗ ಹುಡುಗಿ ಶಾರವ್ವ ಅವಲಕ್ಕಿ ತಂದಿಟ್ಟು ಚಾಪೆಯ ತುದಿಗೆ ಕುಳಿತಳು. ಗುತ್ತೆಪ್ಪ ಗಂಟಲು ಸರಿಮಾಡಿಕೊಂಡು, ಬಹಳ ಮರ್ಯಾದೆಯಿಂದ ಕೇಳಿದ:

"ನಿನ್ನ ಎಸರು ಏಳು."

ಅನ್ನಕ್ಕಿಟ್ಟ ಎಸರು ಉಕ್ಕಿತೆಂದು ಶಾರವ್ವ ದಡಬಡಿಸಿ ಎದ್ದು ಅಡಿಗೆಮನೆಗೆ ಓಡಿದಳು. ನೋಡಿ ಬಂದು ಹೇಳಿದಳು: "ಇನ್ನೂ ಎದ್ದಿಲ್ರಿ."

ಅವಳ ಅಪ್ಪ ಉಳಿವೆಪ್ಪ, ಭತ್ತದ ಗದ್ದೆ ಮತ್ತು ನಾಲ್ಕು ಎಮ್ಮೆಗಳ ಒಡೆಯ, ಕಣ್ಣಲ್ಲಿ ನೀರು ಬರುವತನಕ ನಕ್ಕ. ಹೆಂಡತಿ ಒಳಗಿನಿಂದ ಗೊಣಗಿದಾಗ, "ಹುಡುಗಗ ಹ ಒಂದ ಬರೂದಿಲ್ಲಲ್ಲ? ಉಳಿದ ಅಕ್ಷರ ಎಲ್ಲಾ ನೆಟ್ಟಗ ಅದಾವು. ಕೊಟ್ಟುಬಿಡೂಣು" ಎಂದು ಮದುವೆ ನಿಶ್ಚಯಿಸಿದ.

ಸೂತ್ರ ಸಿಕ್ಕಿದ್ದು ಮದುವೆಗೆ ಮೊದಲು, ಹುಬ್ಬಳ್ಳಿಯ ಒಂದು ಐಸ್ ಫ್ಯಾಕ್ಟರಿಯಲ್ಲಿ. ಅಲ್ಲಿ ಕೂಲಿಗಿದ್ದಾಗ ಬಿಡುವಿನ ಹೊತ್ತಿನಲ್ಲಿ ಎಂಜಿನಿಯರ್ ಸಾಹೇಬರು ಕೆಲಸಗಾರರಿಗೆ ಶಾಖದ ಸ್ವಭಾವ ತಿಳಿಸಿ ಹೇಳಿದರಂತೆ. ಶಾಖವೆಂದರೆ ಸಂತೆಗೆ ಹೊರಟ ಮಂದಿ. ಬಿಸಿ ಇದ್ದಲ್ಲಿಂದ ತಂಪು ಇದ್ದಲ್ಲಿಗೆ ಅದರ ಪಯಣ. ಗೋಡೆ ಅಗಲವಾದಷ್ಟೂ ಹೆಚ್ಚು ಮಂದಿ ನುಗ್ಗುತ್ತಾರೆ. ಆಚೆಗೂ ಈಚೆಗೂ ಬಿಸಿಯ ಅಂತರ ಹೆಚ್ಚಿದಷ್ಟೂ ಅವರಿಗೆ ಅವಸರ. ಗೋಡೆ ದಪ್ಪವಾದಷ್ಟೂ ದಾರಿ ದೂರ, ಮುಟ್ಟುವವರು ಕಡಿಮೆ. ಕೊನೆಯದಾಗಿ, ದಾರಿ ಯಾವುದರದು ಎಂಬ ಪ್ರಶ್ನೆ. ಗಾಳಿಯ ದಾರಿಯಲ್ಲಿ ಒಬ್ಬ ದಾಟುವ ಹೊತ್ತಿಗೆ ಭತ್ತದ ಹೊಟ್ಟಿನಲ್ಲಿ ಇಬ್ಬರು ದಾಟುತ್ತಾರೆ, ಕಟ್ಟಿಗೆಯಲ್ಲಿ ಐದಾರು ಮಂದಿ, ಇಟ್ಟಿಗೆ ಮಣ್ಣಿನಲ್ಲಿ ಇಪ್ಪತ್ತೈದು ಮಂದಿ, ಕಬ್ಬಿಣದಲ್ಲಂತೂ ಪಂಢರಪುರಕ್ಕೆ ಹೊರಟ ಎರಡು ಸಾವಿರ ಮಂದಿಯ ದಿಂಡಿಯೇ ದಾಟಿಹೋಗುತ್ತದೆ.

ಗುತ್ತೆಪ್ಪನ ಕೂದಲು ನಿಮಿರಿದವು. ಎಲ್ಲಕ್ಕಿಂತ ಗಟ್ಟಿ ಗೋಡೆ ಗಾಳಿ! ಊರ ತುಂಬ ಪುಕ್ಕಟೆ ಬಿದ್ದಿರುವ ಗಾಳಿ! ಸಾಹೇಬರು ಮಾತು ಮುಗಿಸುವ ಮೊದಲು ಒಂದು ಮುಖ್ಯ ಸಂಗತಿ ಸೇರಿಸಿದರು: ಆ ಗಾಳಿ ಅಲುಗಾಡದೆ ಒಂದೇ ಕಡೆ ನಿಂತಿರಬೇಕು, ಇಲ್ಲವಾದರೆ ಅದೇ ಬಿಸಿಯನ್ನು ಹೊತ್ತು ತಿರುಗುತ್ತದೆ. ಆದರೆ ಇದನ್ನು ಕೇಳಲು ಗುತ್ತೆಪ್ಪ ಅಲ್ಲಿರಲಿಲ್ಲ. ಗಾಳಿ ಎಂಬ ಶಬ್ದ ಕಿವಿಗೆ ಬಿದ್ದೊಡನೆ ಎದ್ದು ಐಸ್ ಕೋಣೆಯ ಗೋಡೆ ಮುಟ್ಟಿ ನೋಡಲು ಹೋಗಿದ್ದ. ಯಾರದೇ ಮಾತಿನ ಕೊನೆಯನ್ನು ಕೇಳುವ ವ್ಯವಧಾನ ಅವನಿಗೆ ದೇವರು ಕೊಟ್ಟಿರಲಿಲ್ಲ.

ಹೀಗೆ ಅರ್ಧ ವಿದ್ಯೆಯ ಪೂರ್ತಿ ಪಂಡಿತನಾಗಿ ಸವಣೂರಿಗೆ ಬಂದವನು ಮನೆ ಕಟ್ಟಿಸಿದ. ಊರಿನವರೆಲ್ಲ ಮೊಳ ದಪ್ಪದ ಮಣ್ಣಿನ ಗೋಡೆ, ಮೇಲೆ ಮಣ್ಣಿನ ಮಾಳಿಗೆ ಹಾಕಿ ತಣ್ಣಗೆ ಮಲಗಿದ್ದರೆ, ಇವನು ಒಂದೇ ಇಟ್ಟಿಗೆಯ ತೆಳು ಗೋಡೆ ಎಬ್ಬಿಸಿ ಮೇಲೆ ತಗಡು ಹೊದಿಸಿದ. ಶತ್ರುವಿಗೆ ಎರಡು ಸಾವಿರ ಸೈನಿಕರನ್ನು ಕೊಟ್ಟು ಗೆಲ್ಲುವುದರಲ್ಲೇ ಮಜಾ ಎಂದುಕೊಂಡಿರಬೇಕು. ತಗಡಿನಿಂದ ಒಂದಡಿ ಕೆಳಗೆ ಬಿದಿರಿನ ತಟ್ಟಿ ಕಟ್ಟಿದ. ನಡುವೆ ಬರೀ ಗಾಳಿ. "ಈ ಒಂದಡಿ ಗಾಳಿ ಅಂದ್ರ ಇಪ್ಪತ್ತೈದಡಿ ಮಣ್ಣಿನ ಕೋಟಿ ಇದ್ದಂಗ" ಎಂದು ದಾರಿಯಲ್ಲಿ ಹೋಗುವವರನ್ನು ಕರೆದು ಹೇಳಿದ. ಅಂಥ ಕೋಟೆ ನವಾಬರಿಗೂ ಇರಲಿಲ್ಲವಲ್ಲ ಎಂದು ಮಂದಿ ತಲೆದೂಗಿದರು.

ಐವತ್ತೆಂಟರ ಚೈತ್ರ ಬಂತು. ತಗಡು ಕಾಯಿತು. ತಗಡಿನ ಕೆಳಗಿದ್ದ ಗಾಳಿಯೂ ತನ್ನ ಯಜಮಾನನ ಹಾಗೆಯೇ ಒಂದು ಕಡೆ ಕೂರದೆ ಮೇಲೆ ಕೆಳಗೆ ಸುತ್ತಿತು, ತಗಡಿನ ಬಿಸಿಯನ್ನು ಬಾಚಿ ತಂದು ತಟ್ಟಿಗೆ ಸುರಿಯಿತು. ಮನೆಯೊಳಗೆ ಶಾರವ್ವ, ಅವಳ ಮಡಿಲಲ್ಲಿ ಎಳೆಗೂಸು ಮಾದೇವಿ. ಕೂಸಿನ ಬೆನ್ನು, ಕೊರಳು, ತೊಡೆಯ ಸಂದಿ ಎಲ್ಲ ಬೆವರುಗುಳ್ಳೆ ಎದ್ದು ಕೆಂಪಾದವು. ಹಗಲೆಲ್ಲ ಅತ್ತು ಅತ್ತು ಅದರ ಧ್ವನಿ ಬಿದ್ದುಹೋಯಿತು.

"ಇದು ಮನಿ ಅಲ್ರಿ, ಕಾದ ಹಂಚು" ಎಂದಳು ಶಾರವ್ವ. "ಇಲ್ಲಿ ರೊಟ್ಟಿ ಬಡದ ಹಾಕಾಕ ಬರ್ತೈತಿ, ಕೂಸು ಮಲಗಿಸಾಕ ಬರೂದಿಲ್ಲ."

"ತಟ್ಟಿಗೆ ತೂತು ಅದಾವು ಶಾರೀ. ತೂತಿನಾಗ ಬಿಸಿ ಇಳೀತೈತಿ. ಲೆಕ್ಕ ಸರಿ ಐತಿ."

"ನಿಮ್ಮ ಲೆಕ್ಕಾ ನೀವ ಹಾಸ್ಕೊಂಡ ಮಲಕ್ಕೋರಿ" ಎಂದು ಅವಳು ಕೂಸನ್ನು ಎತ್ತಿಕೊಂಡು ಅಕ್ಕಿಆಲೂರಿನ ಮೋಟಾರು ಹತ್ತಿದಳು.

ಮಳೆ ಬಂತು, ಹೋಯಿತು. ಚಳಿ ಬಂತು, ಹೋಯಿತು. ಶಾರವ್ವ ಬರಲಿಲ್ಲ. ತಂಪು ಕಾಲದಲ್ಲಿ ಬಂದು ಬೇಸಿಗೆಯಲ್ಲಿ ಓಡುವುದಕ್ಕೆ ತಾನೇನು ಕೊಕ್ಕರೆಯೇ ಎಂದು ಕೇಳಿದಳಂತೆ. ಗುತ್ತೆಪ್ಪ ಖಾನಾವಳಿಯಲ್ಲಿ ಉಂಡು ಉಂಡು ಇನ್ನೂ ತೆಳ್ಳಗಾದ. ವಾರಕ್ಕೊಮ್ಮೆ ಅಕ್ಕಿಆಲೂರಿಗೆ ಹೋಗಿ ಕೂಸಿನ ಬೆನ್ನು ನೋಡುತ್ತಿದ್ದ, ಹೆಂಡತಿಯ ಮುಖ ನೋಡುತ್ತಿದ್ದ, ಮಾವನ ಮನೆಯ ಗೋಡೆ ಮುಟ್ಟುತ್ತಿದ್ದ. ಒಂದು ಸಲ ಉಳಿವೆಪ್ಪ ಅವನನ್ನು ಕಟ್ಟೆಯ ಮೇಲೆ ಕೂರಿಸಿಕೊಂಡು ಹೇಳಿದ:

"ಅಳಿಯಾರ, ನೋಡ್ರಿ. ಮಣ್ಣಿನ ಮಾಳಿಗಿ ಹಾಕ್ರಿ ಅಂದ್ರ ಒಲ್ಲೆ ಅಂತೀರಿ. ಹಂಗಾರ ಒಂದು ಮಾತು ಆಗಲಿ. ಉಗಾದಿ ಆದಮ್ಯಾಲ, ಬಿಸಿಲು ಏರಿದಾಗ ನಾನ ಸವಣೂರಿಗೆ ಬರ್ತೇನಿ. ನಮ್ಮ ಎಮ್ಮಿ ಬೆಣ್ಣಿ ತರ್ತೇನಿ. ಮುಂಜಾನಿಂದ ಚಂಜಿತನಕ ನಿಮ್ಮ ಪಡಸಾಲ್ಯಾಗ ಇಡೂಣು. ಬೆಣ್ಣಿ ಮುದ್ದಿ ಮುದ್ದಿ ಆಗೇ ಉಳೀತಂದ್ರ ಮಗಳನ್ನ ಕಳಸ್ತೇನಿ."

"ಕರಗಿದ್ರ?"

"ಕರಗಿದ್ರ ನೀವ ಇಲ್ಲಿಗೆ ಬರ್ರಿ. ಅಕ್ಕಿ ಗಿರಣ್ಯಾಗ ನಿಮಗೊಂದು ಕೆಲಸ ಕೇಳೇನಿ. ಮನಿ ಅಳಿಯ ಆಗಿ ಆರಾಮ ಈ ಕಟ್ಟಿ ಮ್ಯಾಲ ಕುಂಡ್ರಬಹುದು."

ಮನೆ ಅಳಿಯ! ಜೀವನಪರ್ಯಂತ ಒಂದೇ ಕಟ್ಟೆಯ ಮೇಲೆ ಕೂರುವ ಶಿಕ್ಷೆ! ಅತ್ತೆ ಬಡಿಸಿದಷ್ಟು ಉಂಡು, ಮಾವ ಕೆಮ್ಮಿದಾಗ ಎದ್ದು ನಿಂತು, ಊರ ಮಂದಿಯ ಬಾಯಲ್ಲಿ 'ಉಳಿವೆಪ್ಪನ ಅಳಿಯ' ಎನ್ನಿಸಿಕೊಂಡು ಬಾಳುವುದು! ಗುತ್ತೆಪ್ಪ ಅಲ್ಲಿಂದ ಮೋಟಾರಿಗೂ ಕಾಯದೆ ನಡೆದೇ ಹೊರಟ. ದಾರಿಯುದ್ದಕ್ಕೂ ಲೆಕ್ಕ ಹಾಕಿದ. ಹಾನಗಲ್ ರಸ್ತೆಯ ಮೈಲಿಗಲ್ಲುಗಳ ಬೆನ್ನಿನ ಮೇಲೆ ಆ ವರ್ಷದ ಮಳೆಗಾಲದವರೆಗೂ ಅವನ ಇದ್ದಲಿಯ ಭಾಗಾಕಾರಗಳಿದ್ದವು.

ಲೆಕ್ಕದ ಸಾರ ಇಷ್ಟು. ದೋಷ ಗಾಳಿಯದಲ್ಲ, ತೂತುಗಳದು. ಆದ್ದರಿಂದ ತಟ್ಟಿಯ ಮೇಲೆ ಮೂರಿಂಚು ಭತ್ತದ ಹೊಟ್ಟು ಹರಡಿ ತೂತು ಮುಚ್ಚಬೇಕು; ಅದರ ಮೇಲೆ ತಗಡಿನವರೆಗೆ ಗಾಳಿಗೇ ರಾಜ್ಯ; ಹೊಟ್ಟು ಗಾಳಿ ಎರಡೂ ಸೇರಿ ಒಟ್ಟು ಒಂದಡಿ. ಇನ್ನು ಮಧ್ಯಾಹ್ನದ ಬಿಸಿಲು ಬಡಿಯುವ ಪಡುವಣ ಗೋಡೆಗೆ ಒಳಗಡೆಯಿಂದ ಇನ್ನೊಂದು ಗೋಡೆ. ಎರಡರ ನಡುವೆ ಖಾಲಿ ಸಂದಿ, ಅದೂ ಒಟ್ಟು ಒಂದಡಿ.

ಕೆಲಸಕ್ಕೆ ಶಿಗ್ಗಾವಿಯಿಂದ ಹಸನಸಾಬನನ್ನು ಕರೆಸಿದ. ಹಸನಸಾಬ ಕೈಗೆಲಸದಲ್ಲಿ ಚೊಕ್ಕ, ಮಾತಿನಲ್ಲಿ ಮೆತ್ತಗೆ. ಮೊದಲ ದಿನವೇ 'ಅಲಗಿ ತಗೊಂಬಾ' ಎಂದಾಗ ಕತ್ತಿಯ ಅಲಗು ಹುಡುಕಿ ಬೈಸಿಕೊಂಡಿದ್ದ, ಬೇಕಾದದ್ದು ಹಲಗೆ. 'ಅಗ್ಗ ಬೇಕು' ಎಂದಾಗ ಸಂತೆಯ ಅಗ್ಗದ ಮಾಲು ವಿಚಾರಿಸಿ ಬಂದಿದ್ದ, ಬೇಕಾದದ್ದು ಹಗ್ಗ. ಅಂದಿನಿಂದ ಒಂದು ಉಪಾಯ ಮಾಡಿಕೊಂಡ. ಫಿಟ್ಟರ್ ಸಾಹೇಬರ ಮಾತು ಸ್ವರದಿಂದ ಶುರುವಾಯಿತೆಂದರೆ ತಾನೇ ಮನಸ್ಸಿನಲ್ಲಿ ಒಂದು ಹ ಜೋಡಿಸಿಕೊಳ್ಳುವುದು. ಅಲ್ಲಿಂದ ಮುಂದೆ ಕೆಲಸ ನೀರು ಹರಿದಂತೆ ಸಾಗಿತ್ತು.

ಒಳಗೋಡೆ ಎದ್ದು ಮುಗಿಯುತ್ತ ಬಂದಾಗ ಗುತ್ತೆಪ್ಪ ಮೋಟಾರಿನ ಹೊತ್ತಾಯಿತೆಂದು ಚಡಪಡಿಸುತ್ತ ಕೊನೆಯ ಅಪ್ಪಣೆ ಕೊಟ್ಟ. ಬಾಗಿಲ ಸಂದಿಗಳಿಗೆ ತುಂಬಲು ಹತ್ತಿ ತರಬೇಕಾಗಿತ್ತು. ಹತ್ತಿ ಎಂದರೆ ಹಿರೇಕೆರೂರಿನದೇ ಆಗಬೇಕೆಂಬುದು ಅವನ ಹಟ.

"ಅಸನಸಾಬ, ಸರಿಯಾಗಿ ಕೇಳು. ತಟ್ಟಿ ಮ್ಯಾಲ ಮೂರಿಂಚು ಒಟ್ಟು. ಅದರ ಮ್ಯಾಲ ಗಾಳಿ. ಒಟ್ಟು ಒಂದಡಿ. ಗ್ವಾಡಿ ಸಂದೀನೂ ಅಷ್ಟ, ಒಟ್ಟು ಒಂದಡಿ."

"ಮೂರಿಂಚೋ ಒಂದಡಿಯೋ, ಸಾಹೇಬ್ರ?"

"ಮೂರಿಂಚು ಒಟ್ಟು! ಒಟ್ಟು ಒಂದಡಿ! ಎಷ್ಟು ಸಲ ಏಳ್ಲಿ ನಾನು?"

"ಏಳೂದು ಬ್ಯಾಡ್ರಿ, ಕುಂತ ಹೇಳ್ರಿ."

ಅಷ್ಟರಲ್ಲಿ ಮೋಟಾರಿನ ಹಾರನ್ ಕೇಳಿತು. ಗುತ್ತೆಪ್ಪ "ಒಟ್ಟು ಒಂದಡಿ! ಮರೀಬ್ಯಾಡ!" ಎಂದು ಕೂಗುತ್ತ ಓಡಿದ.

ಹಸನಸಾಬ ಬೀಡಿ ಹಚ್ಚಿ ಯೋಚನೆಗೆ ಕುಳಿತ. ಸಾಹೇಬರು ಮೊದಲು ಮೂರಿಂಚು ಹೊಟ್ಟು ಅಂದರು, ಆಮೇಲೆ ಹೊಟ್ಟು ಒಂದಡಿ ಅಂದರು. ಓಡುವಾಗಲೂ ಹೊಟ್ಟು ಒಂದಡಿ ಅಂತಲೇ ಕೂಗಿದರು. ದೊಡ್ಡವರು ಮಾತು ಬದಲಿಸಿದರೆ ಕಡೆಯ ಮಾತೇ ಖರೆ. ನಡುವೆ ಗಾಳಿ ಅಂದದ್ದೇಕೆ? ಗಾಳಿ ಹೇಗೂ ಎಲ್ಲ ಕಡೆ ಇರುತ್ತದೆ, ಅದನ್ನು ಗೌಂಡಿ ಹಾಕಬೇಕೇ? ಅಕ್ಕಿಆಲೂರಿನ ಗಿರಣಿಯ ಹಿಂದೆ ಹೊಟ್ಟಿನ ಗುಡ್ಡವೇ ಇತ್ತು. ಒಯ್ಯುವವರಿದ್ದರೆ ಗಿರಣಿಯವರೇ ಕೈ ಮುಗಿಯುತ್ತಿದ್ದರು. ಗಾಡಿಗಳು ಬಂದವು. ಹಸನಸಾಬ ತಟ್ಟಿಯ ಮೇಲೆ ತಗಡು ಮುಟ್ಟುವತನಕ ಹೊಟ್ಟು ತುಂಬಿದ. ಗೋಡೆಗಳ ಸಂದಿಯಲ್ಲಿ ನೆಲದಿಂದ ನೆತ್ತಿಯವರೆಗೆ ಹೊಟ್ಟು ತುರುಕಿದ. ಮೇಲ್ಬಾಯಿಗೆ ಮಣ್ಣು ಮೆತ್ತಿ, ತಟ್ಟಿಗೆ ಕೆಳಗಿನಿಂದ ಸಗಣಿ ಸಾರಿಸಿ, ಕೈ ತೊಳೆದುಕೊಂಡ. ಗುತ್ತೆಪ್ಪನದು ಈಗ ಮನೆಯಲ್ಲ, ಬಾಗಿಲಿದ್ದ ಹೊಟ್ಟಿನ ಚೀಲ.

ಹತ್ತಿ ಹೊತ್ತು ತಂದ ಗುತ್ತೆಪ್ಪ ನುಣ್ಣಗೆ ಸಾರಿಸಿದ ತಟ್ಟಿ ನೋಡಿ ಹಿಗ್ಗಿದ. "ಒಟ್ಟು ಒಂದಡಿ?" ಎಂದು ಕೇಳಿದ. "ಒಂದಡಿ ಬರೋಬ್ಬರ್" ಎಂದ ಹಸನಸಾಬ. ಇಬ್ಬರಿಗೂ ಸಮಾಧಾನವಾಯಿತು.

ಉಗಾದಿ ಕಳೆದು ಬಿಸಿಲು ಏರಿತು. ಒಂದು ಮುಂಜಾನೆ ಉಳಿವೆಪ್ಪ ಒದ್ದೆ ಅರಿವೆ ಸುತ್ತಿದ ಗಡಿಗೆ ಹಿಡಿದು ಮೋಟಾರಿನಿಂದ ಇಳಿದ. ಮುತ್ತಲೆಲೆಯ ಮೇಲೆ ನಿಂಬೆಹಣ್ಣಿನ ಗಾತ್ರದ ಒಂದು ಮುದ್ದೆಯನ್ನು ಪಕ್ಕದ ತಗಡಿನ ಚಹಾದಂಗಡಿಯಲ್ಲಿಟ್ಟ. ಅಂಥದೇ ಇನ್ನೊಂದನ್ನು ಗುತ್ತೆಪ್ಪನ ಪಡಸಾಲೆಯ ನಡುವೆ ಇಟ್ಟು, ಎದುರಿಗೆ ಕುಕ್ಕರಗಾಲಿನಲ್ಲಿ ಕುಳಿತ. ಕಿಟಕಿ ಮುಚ್ಚಿತು, ಬಾಗಿಲು ಮುಚ್ಚಿತು, ಸಂದಿಗೆ ಹತ್ತಿ ಬಿತ್ತು. ತನ್ನ ಕೆಲಸದ ಫಲ ನೋಡಲು ಹಸನಸಾಬನೂ ಬಂದು ಮೂಲೆ ಹಿಡಿದ. ಕುರುಕ್ಷೇತ್ರದಲ್ಲಿ ಎರಡು ಕಡೆಯವರಿದ್ದರು. ಇಲ್ಲಿ ಮೂವರು ಗಂಡಸರು ಒಂದು ಬೆಣ್ಣೆಯ ಮುದ್ದೆಯನ್ನು ಸುತ್ತುವರಿದಿದ್ದರು.

ಎರಡು ಮಾತಾಡಿ ಉಳಿವೆಪ್ಪ ತೂಕಡಿಸಿದ. ಗುತ್ತೆಪ್ಪ ಕೂರಲಿಲ್ಲ. ಬೆಣ್ಣೆಯನ್ನು ಪೂರ್ವದಿಂದ ನೋಡಿದ, ಪಶ್ಚಿಮದಿಂದ ನೋಡಿದ, ನೆಲಕ್ಕೆ ಕೆನ್ನೆ ಹಚ್ಚಿ ಬುಡ ನೋಡಿದ. ಬುಡದಲ್ಲಿ ಸ್ವಲ್ಪ ಹೊಳಪು ಕಂಡಂತಾಗಿ ಬೆರಳಾಡಿಸಿದ. ಅದು ಅವನದೇ ಹಣೆಯಿಂದ ಬಿದ್ದ ಬೆವರು. ಕೊನೆಗೆ ತಡೆಯಲಾರದೆ ಡಾಕ್ಟರರ ಕಂಪೌಂಡರನ ಕಾಲು ಹಿಡಿದು ತಂದಿದ್ದ ಜ್ವರದ ಕಡ್ಡಿಯನ್ನು ತೆಗೆದು ಗೋಡೆಗೆ ಒತ್ತಿಟ್ಟ. ಆ ಕಡ್ಡಿಯ ಗೆರೆಗಳು ತೊಂಬತ್ತೈದರಿಂದ ಶುರುವಾಗುತ್ತವೆ. ಅದಕ್ಕಿಂತ ತಣ್ಣಗಿರುವವರನ್ನು ಡಾಕ್ಟರರು ಗಿರಾಕಿಗಳೆಂದು ಎಣಿಸುವುದಿಲ್ಲ. ಪಾದರಸ ಮೊದಲ ಗೆರೆಯನ್ನೂ ಮುಟ್ಟಲಿಲ್ಲ.

"ಕಡ್ಡಿ ಕೆಟ್ಟೈತಿ" ಎಂದ ಉಳಿವೆಪ್ಪ, ಒಂದು ಕಣ್ಣು ತೆರೆದು.

ಗುತ್ತೆಪ್ಪ ಅದನ್ನು ಅವನ ಕಂಕುಳಲ್ಲಿ ತುರುಕಿದ. ತೆಗೆದು ನೋಡಿದರೆ ಪಾದರಸ ಮನುಷ್ಯನ ಮಟ್ಟಕ್ಕೆ ಸರಿಯಾಗಿ ಏರಿತ್ತು.

"ಕಡ್ಡಿ ಸರಿ ಐತಿ ಮಾವಾರ. ನಿಮಗ ಜ್ವರ ಇಲ್ಲ. ನಮ್ಮ ಗ್ವಾಡಿಗೂ ಇಲ್ಲ!"

ಚಹಾದಂಗಡಿಯ ಬೆಣ್ಣೆ ಮಧ್ಯಾಹ್ನಕ್ಕೆಲ್ಲ ಎಲೆಯ ಮೇಲೆ ಹರಡಿ, ಎಲೆ ದಾಟಿ, ಬೆಂಚಿನ ಕಾಲು ಹಿಡಿದು ಇಳಿದು ಇರುವೆಗಳಿಗೆ ಸಂದಿತ್ತು. ಪಡಸಾಲೆಯ ಬೆಣ್ಣೆ ಸ್ವಲ್ಪ ಮೆತ್ತಗಾಗಿತ್ತು, ಬೆರಳಿಟ್ಟರೆ ಕುಳಿ ಬೀಳುತ್ತಿತ್ತು. ಆದರೆ ಮುದ್ದೆ ಮುದ್ದೆಯಾಗೇ ಇತ್ತು. ಸಂಜೆಯ ನೆರಳು ಉದ್ದವಾದಾಗ ಉಳಿವೆಪ್ಪ ಮೊಣಕಾಲಿಗೆ ಕೈಕೊಟ್ಟು ಎದ್ದ.

"ಗೆದ್ದಿ ಬಿಡಪಾ. ಬರೂ ವಾರ ಶಾರವ್ವನ್ನ, ಕೂಸನ್ನ ಕಳಸ್ತೇನಿ."

ಇಲ್ಲಿಗೆ ನಿಲ್ಲಿಸಿದ್ದರೆ ಗುತ್ತೆಪ್ಪ ಗುತ್ತೆಪ್ಪನೇ ಆಗುತ್ತಿರಲಿಲ್ಲ. ಉಳಿವೆಪ್ಪ ಹೊರಡುತ್ತ, ಸುಮ್ಮನೆ ಒಂದು ಮಾತು ಕೇಳಿದ: "ಅಲ್ಲಾ, ಮ್ಯಾಲ ಏನ ಹಾಕೀರಿ?"

"ಏನೂ ಇಲ್ಲ!"

"ಏನೂ ಇಲ್ಲ ಅಂದ್ರ?"

"ತೂತು ಮುಚ್ಚಾಕ ಮೂರಿಂಚು ಒಟ್ಟು. ಉಳಿದದ್ದು ಎಲ್ಲಾ ಗಾಳಿ. ಇಷ್ಟೂ ತಂಪು ಗಾಳೀದು, ಮಾವಾರ!"

ಮೂಲೆಯಲ್ಲಿ ಹಸನಸಾಬ ಒಮ್ಮೆ ಕೆಮ್ಮಿದ. ಯಾರೂ ಅತ್ತ ನೋಡಲಿಲ್ಲ.

"ಬರೇ ಗಾಳಿ ಇಟ್ಟುಕೊಂಡು ಬೆಣ್ಣಿ ಕಾಯಾಕ ಆಗ್ತೈತೇನು? ಸುಳ್ಳು ಹೇಳಬ್ಯಾಡ್ರಿ."

"ಸುಳ್ಳಾ? ನಾನಾ?" ಗುತ್ತೆಪ್ಪನ ಮೀಸೆ ನಡುಗಿತು. ಹೆಂಡತಿ ಬರುವ ಮಾತು ಕಿವಿಯಿಂದ ಹಾರಿಹೋಯಿತು. ಗಾಳಿಯ ಮಾನದ ಪ್ರಶ್ನೆ! ಬಾಗಿಲ ಹಿಂದಿದ್ದ ಬಿದಿರು ಗಳ ಹಿಡಿದುಕೊಂಡ.

"ಸಾಹೇಬ್ರ, ಒಂದು ಮಾತು ಕೇಳ್ರಿ..." ಎಂದು ಹಸನಸಾಬ ಎದ್ದ.

"ನೀ ಸುಮ್ನಿರು! ಇಲ್ಲಿ ಬರ್ರಿ ಮಾವಾರ, ಇಲ್ಲಿ ನಿಂದ್ರಿರಿ, ಮ್ಯಾಲ ನೋಡ್ರಿ. ಒಳಗ ಎಷ್ಟು ಖಾಲಿ ಐತಿ ಕಾಣ್ತೈತಿ."

ಉಳಿವೆಪ್ಪ ತಟ್ಟಿಯ ಕೆಳಗೆ ನಿಂತು, ತಲೆಯೆತ್ತಿ, ಬಾಯಿ ತೆರೆದು ನೋಡಿದ. ಗುತ್ತೆಪ್ಪ ಗಳವನ್ನು ಎತ್ತಿ, ಭೀಮಸೇನನ ಹಾಗೆ ಹೂಂಕರಿಸಿ, ತಟ್ಟಿಗೆ ತಿವಿದ.

ಮೊದಲು ಸಗಣಿಯ ಹಕ್ಕಳೆ ಬಿತ್ತು. ಆಮೇಲೆ ಬುಸ್ಸೆಂದು ಒಂದು ಸದ್ದು. ಆಮೇಲೆ ಅಕ್ಕಿಆಲೂರಿನ ಗಿರಣಿ ಒಂದು ಸುಗ್ಗಿಯಲ್ಲಿ ಉಗುಳಿದ ಹೊಟ್ಟೆಲ್ಲ ಅಕ್ಕಿಆಲೂರಿನ ಉಳಿವೆಪ್ಪನನ್ನು ಹುಡುಕಿಕೊಂಡು ಇಳಿಯಿತು. ನಿಂತಿತೆಂದುಕೊಂಡಾಗ ತಟ್ಟಿಯ ಇನ್ನೊಂದು ಗಂಟು ಬಿಚ್ಚಿ ಮತ್ತೆ ಇಳಿಯಿತು. ಧೂಳು ಅಡಗಿದಾಗ ಪಡಸಾಲೆಯ ನಡುವೆ ಒಂದು ಹಳದಿ ಗುಡ್ಡ, ಗುಡ್ಡದ ನೆತ್ತಿಯಲ್ಲಿ ಒಂದು ರುಮಾಲು ಇದ್ದವು.

ರುಮಾಲು ಅಲುಗಿತು. ಉಳಿವೆಪ್ಪ ಮೂರು ಸಲ ಸೀನಿ, ಬಾಯಲ್ಲಿದ್ದ ಹೊಟ್ಟು ಉಗುಳಿ, ನಿಧಾನವಾಗಿ ಹೇಳಿದ: "ಅಳಿಯಾರ, ನಿಮ್ಮ ಗಾಳಿ ಬಾಳ ದಪ್ಪ ಐತಿ."

ಗುತ್ತೆಪ್ಪ ಗಳ ಹಿಡಿದವನು ಹಿಡಿದಂತೆಯೇ ಹಸನಸಾಬನ ಕಡೆ ತಿರುಗಿದ. "ಏನ ಮಾಡಿದ್ಯೋ ಅಸನಸಾಬ? ಒಟ್ಟು ಒಂದಡಿ ಅಂದಿದ್ದೆ!"

"ಹೊಟ್ಟು ಒಂದಡೀನ ಹಾಕೇನ್ರಿ!"

"ಒಟ್ಟು ಅಲ್ಲೋ, ಒಟ್ಟು! ಒಟ್ಟು!"

"ಅದನ್ನ ಅನ್ನಾಕತ್ತೇನ್ರಿ ನಾನೂ! ನೀವು ನುಂಗಿದ್ದ ಹ ನಾನು ಕೂಡಿಸ್ಕೊಂಡೆ. ಹಗ್ಗಕ್ಕ ಕೂಡಿಸಿದೆ, ಹಲಗಿಗೆ ಕೂಡಿಸಿದೆ, ಆವಾಗೆಲ್ಲಾ ಶಾಭಾಸ್ ಅಂದ್ರಿ. ಇದೊಂದಕ್ಕ ಕೂಡಿಸಬಾರದು ಅಂತ ನನಗ ಹೆಂಗ ತಿಳೀಬೇಕ್ರಿ?"

ಉಳಿವೆಪ್ಪ ಹೊಟ್ಟಿನಲ್ಲಿ ಕೈಯಾಡಿಸಿ ತನ್ನ ಬೆಣ್ಣೆಯನ್ನು ಹುಡುಕಿ ತೆಗೆದ. ಕಡುಬಿಗೆ ಹಿಟ್ಟು ಹೊರಳಿಸಿದಂತೆ ಸುತ್ತ ಹೊಟ್ಟು ಮೆತ್ತಿಕೊಂಡಿತ್ತು. "ಬೆಣ್ಣಿ ಕರಗಿಲ್ಲ, ಖರೆ" ಎಂದ, ಹುಬ್ಬಿನಿಂದ ಒಂದು ಸಿಪ್ಪೆ ಕಿತ್ತು. "ಆದ್ರ ಮಾಡು ಉದುರೇತಿ. ಮಾತು ಕೊಟ್ಟಾಂವ ನಾನು. ಬಾಳ್ವೆ ಮಾಡಾಕಿ ಆಕಿ. ಆಕೀನ್ನ ಕೇಳೂಣು." ಅದೇ ಅವತಾರದಲ್ಲಿ ಮೋಟಾರು ಹತ್ತಿದ. ಪಕ್ಕದ ಸೀಟಿನವರು ಎದ್ದು ಹಿಂದಕ್ಕೆ ಹೋದರಂತೆ.

ಗುತ್ತೆಪ್ಪನ ಚಡಪಡಿಕೆಗೆ ಈಗ ಎರಡು ಬಾಯಿಗಳು. ಶಾರವ್ವ ಬರುತ್ತಾಳೋ ಇಲ್ಲವೋ ಎಂಬುದು ಒಂದು. ಗಾಳಿ ಸೋತ ಕಡೆ ಗಾಳಿಗಿಂತ ಹೀನವಾದ ಹೊಟ್ಟು ಗೆದ್ದದ್ದು ಹೇಗೆಂಬುದು ಇನ್ನೊಂದು. ಗೋಡೆಯಲ್ಲಿ ಬರೆಯಲು ಜಾಗ ಮುಗಿದು ಬಾಗಿಲ ಮೇಲೆ ಬರೆದ. ಉತ್ತರ ಸಿಗಲಿಲ್ಲ. ಗಿರಣಿಗೆ ರಜೆ ಹಾಕಿ ಅಕ್ಕಿಆಲೂರಿಗೆ ಹೋದ. ಮಾವನ ಮನೆಗೆ ಹೋಗಲು ಮುಖವಿಲ್ಲದೆ ನೇರವಾಗಿ ಅಕ್ಕಿ ಗಿರಣಿಯ ಹಿಂದಿನ ಹೊಟ್ಟಿನ ಗುಡ್ಡಕ್ಕೆ ಹೋದ.

ನೆತ್ತಿ ಸುಡುವ ಬಿಸಿಲು. ಗುಡ್ಡದ ಮೇಲ್ಮೈ ಮುಟ್ಟಿದರೆ ಕೈ ಚುರ್ರೆನ್ನುತ್ತಿತ್ತು. ಮೊಣಕೈತನಕ ತೂರಿಸಿದ, ಬೆಚ್ಚಗಿತ್ತು. ಭುಜದತನಕ ತೂರಿಸಿದ, ಬೆಳಗಿನ ತಂಪು ಅಲ್ಲಿ ಇನ್ನೂ ಮಲಗಿತ್ತು. ಹಾಗೇ ಕೆನ್ನೆಯನ್ನು ಹೊಟ್ಟಿಗಾನಿಸಿ ಬಿದ್ದುಕೊಂಡ. ಗಿರಣಿಯ ಹೆಂಗಸರು ಹೋಗಿ ಶಾರವ್ವನಿಗೆ ಹೇಳಿದರು: ನಿನ್ನ ಗಂಡ ಹೊಟ್ಟಿನ ತಿಪ್ಪೆಯಲ್ಲಿ ಬಿದ್ದಾನ, ಜೀವ ಐತೋ ಇಲ್ಲೋ ನೋಡು.

ಶಾರವ್ವ ಕೂಸನ್ನು ಸೊಂಟಕ್ಕೇರಿಸಿಕೊಂಡು ಬಂದಳು.

"ಏನ್ರಿ ಇದು? ಹೆಂಡತಿ ಮನಿ ಅಲ್ಲೈತಿ, ನೀವು ಇಲ್ಲಿ ಹೊಟ್ಟು ಅಪ್ಪಿಕೊಂಡು ಮಲಗೀರಿ?"

"ಶಾರೀ, ಇಲ್ಲಿ ಕೈ ಆಕು. ಒಳಗ ಆಕು. ತಂಪೈತಿಲ್ಲೋ?"

ಅವಳು ಕೈ ಹಾಕಿ ನೋಡಿದಳು. "ಐತಿ. ನಮ್ಮವ್ವ ಬೆಲ್ಲದ ಗಡಿಗಿ ಹೊಟ್ಟಿನಾಗ ಇಡ್ತಾಳ. ಅದಕ್ಕೇನೀಗ?"

"ಇದರಾಗೂ ಗಾಳೀನ ಐತಿ. ಸಿಪ್ಪಿ ಸಿಪ್ಪಿ ನಡುವ ಸಿಕ್ಕೊಂಡೈತಿ. ಓಗಬೇಕಂದ್ರ ಆದಿ ಇಲ್ಲ ಅದಕ್ಕ." ಅವನ ಕಣ್ಣು ಅರಳಿದವು. "ನಾನು ಬಿಟ್ಟ ಗಾಳಿ ಅಡ್ಡಾಡಿತು ಶಾರೀ! ಅಡ್ಡಾಡಿ ಅಡ್ಡಾಡಿ ಬಿಸಿ ಒತ್ತುಕೊಂಡು ಬಂತು!"

"ನಿಮ್ಮಂಗ" ಎಂದಳು ಶಾರವ್ವ. "ನಿಮ್ಮನ್ನೂ ಹಿಂಗ ಹೊಟ್ಟಿನಾಗ ಹುಗದ ಇಡಬೇಕ್ರಿ. ಅಂದ್ರ ಮನಿ ತಂಪಿರ್ತೈತಿ."

ಆದರೂ ಅವಳು ಕೈಯನ್ನು ಹೊಟ್ಟಿನಿಂದ ತೆಗೆಯಲಿಲ್ಲ. ಕೂಸನ್ನು ಇಳಿಸಿ, ಅದರ ಅಂಗೈಯನ್ನೂ ಒಳಗಿಟ್ಟಳು. ಮಾದೇವಿ ಕಿಲಕಿಲ ನಕ್ಕಿತು. ಅಪ್ಪ ಹೊಟ್ಟು ಬಡಿದುಕೊಂಡು ಬಂದಾಗಲೇ ಅವಳು ವಿಚಾರಿಸಿಕೊಂಡಿದ್ದಳು: ಪಡಸಾಲೆ ತಂಪಿತ್ತೋ ಇಲ್ಲವೋ? ಇತ್ತು ಎಂದಿದ್ದ ಉಳಿವೆಪ್ಪ, ಸೀನುತ್ತ. ಕೂಸಿನ ಬೆನ್ನಿಗೆ ತಂಪು ಸಿಕ್ಕರೆ ಸಾಕಾಗಿತ್ತು ಅವಳಿಗೆ. ಅದು ಲೆಕ್ಕದಿಂದ ಬಂತೋ, ಗೌಂಡಿಯ ಕಿವಿಯಿಂದ ಬಂತೋ ಅದರ ಗೊಡವೆ ಬೇಕಿರಲಿಲ್ಲ.

"ಗಾಡಿ ಕಟ್ಟಿಸ್ತೇನಿ. ಹೊಟ್ಟು ತುಂಬ್ರಿ" ಎಂದಳು. "ನಾನು ನಿಂತು ಮಾಡು ಮುಚ್ಚಿಸ್ತೇನಿ. ನೀವು ಗಳ ಮುಟ್ಟಿದ್ರಿ ಅಂದ್ರ ಆವತ್ತ ಹೊಳ್ಳಿ ಬರ್ತೇನಿ."

ಗಾಡಿಯ ಹೊಟ್ಟಿನ ಮೇಲೆ ತಾಯಿ ಮಗಳು ಕೂತು ಸವಣೂರಿಗೆ ಬಂದರು. ಗುತ್ತೆಪ್ಪ ಎತ್ತುಗಳಿಗಿಂತ ಮುಂದೆ ಓಡಿ, ಹಿಂದಕ್ಕೆ ಬಂದು, ಮತ್ತೆ ಮುಂದೆ ಓಡಿ, ಗಾಡಿ ನಡೆದದ್ದಕ್ಕಿಂತ ದುಪ್ಪಟ್ಟು ದಾರಿ ನಡೆದ. ಹಸನಸಾಬ ಬಂದು ಮಾಡು ಮುಚ್ಚಿದ. ಆ ಬೇಸಿಗೆಯಲ್ಲಿ ಮಾದೇವಿಯ ಬೆನ್ನಿನ ಮೇಲೆ ಒಂದು ಗುಳ್ಳೆಯೂ ಏಳಲಿಲ್ಲ. ನಡುಹಗಲಿನಲ್ಲಿ ತಾಯಿ ಮಗಳು ಸಗಣಿ ನೆಲದ ಮೇಲೆ ಬರೀ ಮೈಗೆ ತಂಪು ತಾಗಿಸಿಕೊಂಡು ಮಲಗುತ್ತಿದ್ದರು.

ಇಷ್ಟಾದ ಮೇಲಾದರೂ ಶಾಂತಿ ನೆಲೆಸಿತೇ? ಬಂದ ಮರುದಿನವೇ ಶಾರವ್ವ ಸಂದಿಯ ಹತ್ತಿ ಕಿತ್ತು, ಬೀದಿಯ ಕಡೆಯ ಕಿಟಕಿಯನ್ನು ಪೂರ್ತಿ ತೆರೆದಳು. ಗುತ್ತೆಪ್ಪ ಹೌಹಾರಿದ.

"ಏ ಶಾರೀ! ಎರಡು ಅಡಿ ಕಿಟಕಿ ತಗದ್ರ ಇಡೀ ಗ್ವಾಡಿ ಕಟ್ಟಿದ್ದ ದಂಡ! ಲೆಕ್ಕ ಆಕಿ ತೋರಸ್ಲೇನು?"

"ಗ್ವಾಡಿ ಜೋಡಿ ಸಂಸಾರ ಮಾಡಾಕ ಬಂದಿಲ್ರಿ ನಾನು. ನಾಕು ಮಂದಿ ಮಾರಿ ಕಾಣಬ್ಯಾಡೇನು? ಹೊತ್ತು ಇಳದೈತಿ, ಈಗ ಯಾವ ಬಿಸಿಲು?"

ಅವನು ಮುಚ್ಚಿದ, ಅವಳು ತೆರೆದಳು. ಈ ಸಲ ಹೊರಗಿನಿಂದ ಮುಚ್ಚಲು ಹೋದವನ ಕೈಗೆ ಅವಳು ಕಿಟಕಿಯಿಂದಲೇ ಚಹಾದ ಬಟ್ಟಲು ಕೊಟ್ಟಳು. ಬಿಸಿ ಬಟ್ಟಲು ಹಿಡಿದುಕೊಂಡು ಕದ ಎಳೆಯಲು ಬರುವಂತಿರಲಿಲ್ಲ. ಗುತ್ತೆಪ್ಪ ಹೊರಗಿನ ಜಗಲಿಯ ಮೇಲೆ ಕೂತು ಊದಿ ಊದಿ ಕುಡಿಯತೊಡಗಿದ. ಒಳಗಿನಿಂದ ಶಾರವ್ವ ಎದುರು ಮನೆಯವರ ಸೊಸೆಯ ವಿಚಾರ ಕೇಳಿದಳು, ಅವನು ಹೇಳಿದ. ಗಿರಣಿಯ ವಿಚಾರ ಕೇಳಿದಳು, ಅದನ್ನೂ ಹೇಳಿದ. ಬಟ್ಟಲು ಯಾವಾಗಲೋ ಬರಿದಾಗಿತ್ತು, ಗುತ್ತೆಪ್ಪ ಇನ್ನೂ ಎದ್ದಿರಲಿಲ್ಲ.